ಕಾರಣದ ಖಾನೆ

“ಅಲ್ಲ ಅಕ್ಕಾ, ನಾನು ಬರೆದದ್ದನ್ನ ಯಾರ್ಯಾರು ಓದ್ತಾರೆ? ಅದೊಂದು ಹೇಳಿ, ಸಾಕು.”

ಫೋನಿನ ಆ ಕಡೆಯಿಂದ ಈ ಪ್ರಶ್ನೆ ಬಂದದ್ದು ಶರಾವತಿಗೆ. ಎರಡು ಸಾವಿರದ ಎಂಟನೇ ಇಸವಿಯ ಏಪ್ರಿಲ್ ತಿಂಗಳು, ಶನಿವಾರ, ಬೆಳಿಗ್ಗೆ ಎಂಟೂವರೆ. ಕಾರವಾರದ ಕೋಡಿಬಾಗದಲ್ಲಿ ತನ್ನ ಮನೆಯ ಹೊರಜಗಲಿಯನ್ನೇ ಅಂಗಡಿ ಮಾಡಿಕೊಂಡು, ಒಂದು ಜೆರಾಕ್ಸ್ ಮಶಿನ್ನು, ಒಂದು ಕಂಪ್ಯೂಟರು ಇಟ್ಟುಕೊಂಡು ಊರವರ ಅರ್ಜಿ, ಲಗ್ನಪತ್ರಿಕೆ ಅಚ್ಚು ಹಾಕಿಕೊಡುತ್ತಿದ್ದ ಹೆಂಗಸು ಅವಳು. ಮಾತಿಗೆ ಕೂತರೆ ಏಳದವಳು.

ಫೋನು ಮಾಡಿದ್ದು ಮಲ್ಲಾಪುರದ ಕ್ವಾರ್ಟರ್ಸಿನ ನಾಗಶ್ರೀ. ಶರಾವತಿ ಅವಳ ಮುಖ ನೋಡಿರಲಿಲ್ಲ. ಆದರೆ ಹೆಸರು, ನಕ್ಷತ್ರ, ಕ್ವಾರ್ಟರ್ಸಿನ ನಂಬರು ಎಲ್ಲ ಗೊತ್ತಿತ್ತು. ಅದಕ್ಕಿಂತ ಹೆಚ್ಚಿನದೂ ಗೊತ್ತಿತ್ತು.

ಸಂಗತಿ ಇಷ್ಟು. ಅಂಕೋಲಾದಿಂದ ಆರು ಮೈಲಿ ಒಳಗೆ ಹೊನ್ನೆಬೇಣ ಅಂತ ಒಂದು ಊರು, ಅಲ್ಲೊಂದು ಸಣ್ಣ ಗುಡಿ, ಗುಡಿಯಲ್ಲಿ ಬೇಣದಮ್ಮ. ಪೂಜೆಯ ವಿಘ್ನೇಶ್ವರ ಭಟ್ಟರು ಶರಾವತಿಗೆ ಸ್ವಂತ ಸೋದರಮಾವ. ಮಲ್ಲಾಪುರದ ಅಣು ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಮೇಲೆ ದುಡಿಯುವ ಜನಕ್ಕೆ ಶುಕ್ರವಾರದ ಪೂಜೆಗೆ ಬರಲು ಪುರುಸೊತ್ತಿಲ್ಲ, ಆದರೆ ನಂಬಿಕೆ ಬಹಳ. ಅವರಿಗೆ ಅನುಕೂಲವಾಗಲಿ ಅಂತ ಶರಾವತಿ ಹಿಂದಿನ ವರ್ಷ ಗುಡಿಗೊಂದು ವೆಬ್‌ಸೈಟು ಮಾಡಿದಳು. ಯಾರೂ ಕಲಿಸಿದ್ದಲ್ಲ. ಪುಸ್ತಕ ನೋಡಿ, ಅವರಿವರನ್ನು ಕೇಳಿ, ನಾಲ್ಕು ಸಲ ಕೆಡಿಸಿ ಐದನೇ ಸಲ ಸರಿ ಮಾಡಿದ್ದು. ಭಕ್ತರು ಅದರಲ್ಲಿ ಹೆಸರು, ನಕ್ಷತ್ರ, ವಿಳಾಸ ತುಂಬಬೇಕು. ಗುರುವಾರ ಸಂಜೆ ಶರಾವತಿ ಒಬ್ಬೊಬ್ಬರದ್ದು ಒಂದೊಂದು ಚೀಟಿ ಅಚ್ಚು ಹಾಕಿ, ಲಕೋಟೆಯಲ್ಲಿಟ್ಟು ಅಂಕೋಲೆಯ ಬಸ್ಸಿಗೆ ಕೊಡುವಳು. ಶುಕ್ರವಾರ ಭಟ್ಟರು ಪೂಜೆ ಮಾಡಿ, ಶನಿವಾರ ಬೆಳಿಗ್ಗೆ ಕುಂಕುಮ, ಹೂವು, ಪಂಚಕಜ್ಜಾಯದ ಪೊಟ್ಟಣಗಳನ್ನು ಕಾರವಾರದ ಮೇಲೆ ಮಲ್ಲಾಪುರಕ್ಕೆ ಹೋಗುವ ಬಸ್ಸಿಗೆ ಹಾಕುವರು. ಮಲ್ಲಾಪುರದ ಬಸ್‌ಸ್ಟ್ಯಾಂಡಿನ ಎದುರು ಒಂದು ಹಣ್ಣಿನ ಅಂಗಡಿ. ಅಲ್ಲಿ ಪೊಟ್ಟಣ ಇಟ್ಟಿದ್ದರೆ ಅವರವರು ಬಂದು ಒಯ್ಯುವರು.

ಫಾರ್ಮಿನಲ್ಲಿ ಇನ್ನೊಂದು ಖಾನೆ ಇತ್ತು. “ಸೇವೆಯ ಕಾರಣ.” ತುಂಬದಿದ್ದರೆ ಫಾರ್ಮು ಮುಂದೆ ಹೋಗುತ್ತಿರಲಿಲ್ಲ, ಕೆಂಪು ಅಕ್ಷರದಲ್ಲಿ ಬೈಯುತ್ತಿತ್ತು. ಆ ಖಾನೆಯಲ್ಲಿ ನಾಗಶ್ರೀ ಬರೆದದ್ದನ್ನು ಮೊನ್ನೆ ಗುರುವಾರ ಶರಾವತಿ ತನ್ನ ಕೈಯಾರೆ ಚೀಟಿಗೆ ಹಾಕಿದ್ದಳು: “ಎದೆಯಲ್ಲಿ ಗಂಟು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಮಗಳ ಹತ್ತನೇ ಇಯತ್ತೆಯ ಪರೀಕ್ಷೆ ಮುಗಿಯುವವರೆಗೆ ಅವಳಿಗೆ ಗೊತ್ತಾಗದೇ ಇರಲಿ.”

“ನಾನು ನೋಡ್ತೇನೆ, ಭಟ್ಟರು ನೋಡ್ತಾರೆ. ಮತ್ತೆ ಗುಡಿಯ ಅಮ್ಮ,” ಎಂದಳು ಶರಾವತಿ.

ನಾಗಶ್ರೀ ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. ಇವತ್ತು ತಾನು, ತನ್ನ ಯಜಮಾನರು ಗೋವೆಯ ಆಸ್ಪತ್ರೆಗೆ ಹೊರಟಿದ್ದೇವೆ, ಡಾಕ್ಟರು ಕರೆದಿದ್ದಾರೆ, ಮಗಳ ಹತ್ತಿರ ನೆಂಟರ ಮನೆಯ ಉಪನಯನ ಅಂತ ಹೇಳಿದ್ದೇವೆ ಎಂದಳು. ಮಗಳು ಶ್ರೀರಕ್ಷಾ ಪೊಟ್ಟಣ ತಾನೇ ತರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಸೇವೆ ತನ್ನ ಪರೀಕ್ಷೆಗೇ ಕೊಟ್ಟದ್ದು ಅಂತ ಅವಳ ಲೆಕ್ಕ. ಇವತ್ತಿನ ಪೇಪರು ಮುಗಿಸಿ ಬರುವಾಗ ಅಂಗಡಿಯಿಂದ ಒಯ್ದು, ಸೋಮವಾರ ಗಣಿತಕ್ಕೆ ಹೋಗುವ ಮುಂಚೆ ಕುಂಕುಮ ಹಚ್ಚಿಕೊಳ್ಳುತ್ತಾಳಂತೆ.

“ಅದಕ್ಕೇ ಕೇಳಿದೆ ಅಕ್ಕಾ. ಬೇಜಾರು ಮಾಡ್ಕೋಬೇಡಿ,” ಅಂತ ನಾಗಶ್ರೀ ಫೋನಿಟ್ಟಳು.

ಬೇಜಾರೆಂಥದ್ದು. ಆದರೆ ಶರಾವತಿಗೆ ಕೂತಲ್ಲಿ ಕೂರಲಾಗಲಿಲ್ಲ. ಸುಮ್ಮನೆ ಒಂದು ಮಾತು ಕೇಳಿಬಿಡುವ ಅಂತ ಸೋದರಮಾವನಿಗೆ ಫೋನು ಹಚ್ಚಿದಳು. ಪೂಜೆಯಾದ ಮೇಲೆ ಆ ಚೀಟಿಗಳನ್ನು ಏನು ಮಾಡುತ್ತೀ ಅಂತ ಕೇಳಿದಳು. ಭಟ್ಟರು ಇದೇನು ಹೊಸ ಪ್ರಶ್ನೆ ಅನ್ನುವಂತೆ, ಪೊಟ್ಟಣದ ಮೇಲೆ ಅಂಟಿಸುತ್ತೇನಲ್ಲ, ಅನ್ನದ ಅಗುಳಿನಿಂದ, ಒಂದೂ ಕಿತ್ತುಬಂದದ್ದಿಲ್ಲ ಎಂದರು.

“ಎಲ್ಲಾ ಚೀಟಿನೂ?”

“ಚೀಟಿ ಅಂಟಿಸ್ದೇ ಇದ್ರೆ ಯಾರ ಪೊಟ್ಟಣ ಯಾರಿಗೆ ಹೇಳಿ ಗೊತ್ತಾಗ್ತು ಹೆಂಗೆ?”

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಚೀಟಿ ಸಂಕಲ್ಪಕ್ಕೆ ಅಂತ ಇವಳು ಮಾಡಿದ್ದು. ಅದೇ ಚೀಟಿ ಪೊಟ್ಟಣಕ್ಕೂ ಆಯಿತು, ಇನ್ನೊಂದು ಯಾಕೆ ಬರೆಯಬೇಕು ಅಂತ ಅವರು ಅಂಟಿಸಿದ್ದು. ಒಬ್ಬರು ಇನ್ನೊಬ್ಬರನ್ನು ಕೇಳಿರಲಿಲ್ಲ, ಅಷ್ಟೇ. ಪೊಟ್ಟಣ ಯಾರ ಕೈಗೆ ಕೊಟ್ಟೆ ಅಂತ ಕೇಳಿದರೆ, ಯಾವತ್ತಿನಂತೆ ಬೆಳಗಿನ ಬಸ್ಸಿಗೆ, ದುರ್ಗಪ್ಪ ಅಂತ ಕಂಡಕ್ಟರು, ಬಹಳ ಚೊಕ್ಕ ಮನುಷ್ಯ ಎಂದರು. ಆ ಬಸ್ಸು ಕಾರವಾರಕ್ಕೆ ಬರುವುದು ಒಂಬತ್ತಕ್ಕೆ. ಹತ್ತು ನಿಮಿಷ ನಿಂತು ಹೊರಡುತ್ತದೆ.

ಶರಾವತಿ ಅಂಗಡಿಗೆ ಬಾಗಿಲು ಹಾಕಲಿಲ್ಲ. ಪಕ್ಕದ ಮನೆಯ ಗಾಯತ್ರಿಗೆ ನೋಡಿಕೋ ಅಂತ ಕೂಗಿ, ಮನೆಯ ಚಪ್ಪಲಿಯಲ್ಲೇ ಓಡಿ ರಿಕ್ಷಾ ಹತ್ತಿದಳು. ಗಾಯತ್ರಿ ಎಲ್ಲಿಗೆ, ಎಂತದು ಅಂತ ಕೇಳುತ್ತಲೇ ಇದ್ದಳು. ಬೇರೆ ದಿನವಾದರೆ ಶರಾವತಿ ರಿಕ್ಷಾ ನಿಲ್ಲಿಸಿ ಪೂರ್ತಿ ಹೇಳಿ ಹೋಗುವವಳೇ.

ದಾರಿಯಲ್ಲಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಖಾನೆ ಯಾಕಿಟ್ಟೆ? ಮಾದರಿಗೆ ನೋಡಿದ ಯಾವುದೋ ಫಾರ್ಮಿನಲ್ಲಿ ಇತ್ತು, ಇಟ್ಟಳು. ಅದು ಅರ್ಧ ಸತ್ಯ. ಇನ್ನರ್ಧ ಹೇಳಿಕೊಳ್ಳಲು ನಾಚಿಕೆ. ಗುರುವಾರ ಸಂಜೆ ಚಾ ಹಿಡಿದು ಕೂತು ಆ ಕಾರಣಗಳನ್ನು ಓದುವುದೆಂದರೆ ಅವಳಿಗೆ ಇಷ್ಟ. ಯಾರದೋ ಮಗನಿಗೆ ಹುಡುಗಿ ಒಪ್ಪಲಿ, ಯಾರದೋ ಅತ್ತೆಗೆ ಕಣ್ಣು ಕಾಣಲಿ, ಯಾರದೋ ಗಂಡ ಮನೆಗೆ ಬರಲಿ. ಓದಿ ಒಬ್ಬಳೇ ಮರುಗುವಳು, ಒಬ್ಬಳೇ ನಗುವಳು. ಒಂದು ಸಲ ಹೆಸರು ಬಿಟ್ಟು ಒಂದು ಕತೆಯನ್ನು ಗಾಯತ್ರಿಗೆ ಹೇಳಿದ್ದಳು. ಗಾಯತ್ರಿ ಎರಡು ನಿಮಿಷ ಯೋಚಿಸಿ, ಹೋ, ಕದ್ರಾದ ಕಡೆಯವರಾ ಅಂತ ಹೆಸರು ಹೇಳಿಯೇಬಿಟ್ಟಿದ್ದಳು. ಆವತ್ತೇ ಬುದ್ಧಿ ಬರಬೇಕಿತ್ತು.

ಬಸ್‌ಸ್ಟ್ಯಾಂಡಿಗೆ ಮುಟ್ಟುವಾಗ ಒಂಬತ್ತೂ ಐದು. ಮಲ್ಲಾಪುರದ ಬೋರ್ಡಿನ ಬಸ್ಸು ನಿಂತಿತ್ತು. ಕಂಡಕ್ಟರು ಬಾಗಿಲ ಹತ್ತಿರ ನಿಂತು ಬಾಯಿಗೆ ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತಿದ್ದ. ಐವತ್ತರ ಆಸುಪಾಸು, ದಪ್ಪ ಮೀಸೆ, ಖಾಕಿ ಕಿಸೆಯಲ್ಲಿ ನೀಲಿ ಪೆನ್ನು. ಶರಾವತಿ ಏದುಸಿರಿನಲ್ಲೇ, ಹೊನ್ನೆಬೇಣದ ಪ್ರಸಾದದಲ್ಲಿ ನಾಗಶ್ರೀ ಅಂತ ಒಂದು ಪೊಟ್ಟಣ ಇದೆ, ಅದನ್ನು ಸ್ವಲ್ಪ ಕೊಡಿ ಎಂದಳು.

ಅವನು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಚಪ್ಪಲಿಯನ್ನೂ ನೋಡಿದ.

“ನಾಗಶ್ರೀ ನೀವೇಯ?”

ಅಲ್ಲ ಎಂದಳು. ಅವರ ಮನೆಯವರೋ ಎಂದ. ಅದೂ ಅಲ್ಲ. ತಾನು ಗುಡಿಯ ವೆಬ್‌ಸೈಟು ಮಾಡಿದವಳು, ಭಟ್ಟರು ತನ್ನ ಸೋದರಮಾವ, ಬೇಕಾದರೆ ಫೋನು ಮಾಡಿ ಕೇಳಿ ಎಂದಳು.

“ಭಟ್ಟರು ನನ್ನ ಕೈಲಿ ಕೊಟ್ಟಾಯ್ತು. ಇನ್ನು ಅವ್ರು ಹೇಳಿದ್ರೂ ಕೊಡೂಕಾಗುದಿಲ್ಲ ಅಕ್ಕೋರೆ. ಯಾರ ಹೆಸರದೆ ಅವ್ರಿಗೆ, ಇಲ್ಲಾ ಅವ್ರ ಮನೆಯವ್ರಿಗೆ.”

ಡ್ರೈವರು ಬಂದು ಹತ್ತಿ ಕೂತ. ಇಂಜಿನ್ನು ಗುರುಗುಟ್ಟಿತು. ಶರಾವತಿಗೆ ಅಳುವೇ ಬಂತು. ಕೊಡುವುದು ಬೇಡ, ಅದರ ಮೇಲಿನ ಚೀಟಿ ಮಾತ್ರ ಕಿತ್ತುಬಿಡಿ, ಅದರಲ್ಲಿ ಬೇರೆಯವರು ಓದಬಾರದ್ದು ಇದೆ, ಒಂದು ಹುಡುಗಿ ಅದನ್ನು ಒಯ್ಯಲಿಕ್ಕೆ ಬರುತ್ತಾಳೆ, ಅವಳಂತೂ ಓದಲೇಬಾರದು ಅಂತ ಒಂದೇ ಉಸಿರಿಗೆ ಹೇಳಿದಳು.

ದುರ್ಗಪ್ಪ ಕವಳ ಅಗಿಯುವುದನ್ನು ನಿಲ್ಲಿಸಿದ. ಒಳಗೆ ಬಗ್ಗಿ, ಮುಂದಿನ ಸೀಟಿನ ಅಡಿಯಿಂದ ಒಂದು ಬಟ್ಟೆಚೀಲ ಎಳೆದು, ಬಾಯಿ ಬಿಚ್ಚಿ ಅವಳ ಎದುರು ಹಿಡಿದ. ಒಳಗೆ ಏಳು ಪೊಟ್ಟಣ. ಏಳಕ್ಕೂ ಹಳೇ ಪೇಪರು ಸುತ್ತಿ, ಬಾಳೆನಾರು ಬಿಗಿದು ಕಟ್ಟಿತ್ತು. ಪೇಪರಿನ ಅಂಚಿನ ಬಿಳಿ ಜಾಗದಲ್ಲಿ ನೀಲಿ ಪೆನ್ನಿನಿಂದ ಬರೀ ಹೆಸರು, ಬರೀ ಕ್ವಾರ್ಟರ್ಸಿನ ನಂಬರು. ಚೀಟಿ ಎಲ್ಲಿಯೂ ಕಾಣುತ್ತಿರಲಿಲ್ಲ.

“ಚೀಟಿ?” ಎಂದಳು.

“ಕಿತ್ತು ಒಳಗೆ ಮಡಚಿ ಇಟ್ಟಿದ್ದೆ ಮೊದಮೊದಲು. ಆಮೇಲೆ ಅದೂ ಸರಿಯಲ್ಲ ಅನಿಸ್ತು. ಬಿಚ್ಚುವವರು ಯಾರೋ ಏನೋ. ಈಗ ಒದ್ದೆ ಮಾಡಿ ಕಿತ್ತು, ಹರಿದು, ಹಟ್ಟಿಕೇರಿ ಹೊಳೆಗೆ ಬಿಡ್ತೆ.”

ಅವಳು ಚೀಲದಲ್ಲಿದ್ದ ನಾಗಶ್ರೀ ಎಂಬ ಹೆಸರನ್ನೇ ನೋಡುತ್ತ ನಿಂತಳು. ಎಷ್ಟು ದಿವಸದಿಂದ ಹೀಗೆ ಅಂತ ಕೇಳಿದ್ದಕ್ಕೆ, ಚೌತಿಯ ಮುಂಚಿನಿಂದ ಎಂದ. ಒಂದು ಶನಿವಾರ ಒಂದು ಪೊಟ್ಟಣದ ಮೇಲೆ ಒಬ್ಬನ ಹೆಸರು, ಅದರ ಕೆಳಗೆ ಕುಡಿತ ಬಿಡಲಿ ಅಂತ ದಪ್ಪ ಅಕ್ಷರ. ಬರೆಸಿದ್ದು ಹೆಂಡತಿಯೇ ಇರಬೇಕು. ಆ ಮಾರಾಯ ಅವತ್ತು ಅದೇ ಬಸ್ಸಿನಲ್ಲಿ, ಅದೇ ಮುಂದಿನ ಸೀಟಿನಲ್ಲಿ, ಪೊಟ್ಟಣದ ಮೇಲೆಯೇ ಕಾಲಿಟ್ಟುಕೊಂಡು ಕೂತಿದ್ದ. ಅವನು ಇಳಿಯುವವರೆಗೆ ದುರ್ಗಪ್ಪನ ಜೀವ ಕೈಯಲ್ಲಿತ್ತಂತೆ. ಮರುವಾರದಿಂದ ಮನೆಯಿಂದ ಹಳೇ ಪೇಪರು ತರಲು ಶುರು ಮಾಡಿದ. ಭಟ್ಟರಿಗೆ ಹೇಳಲಿಲ್ಲ. ವಯಸ್ಸಾದವರು, ಅನ್ನದಗುಳು ಹಾಕಿ ಇಷ್ಟು ಚಂದ ಅಂಟಿಸುತ್ತಾರೆ, ನೊಂದುಕೊಂಡಾರು ಅಂತ.

ಶರಾವತಿ ಮೆಲ್ಲಗೆ ಕೇಳಿದಳು, “ಇವತ್ತಿನದೂ ಓದಿದ್ರಾ?”

“ಓದದೇ ಹೋದ್ರೆ ಮುಚ್ಚಬೇಕು ಹೇಳಿ ಗೊತ್ತಾಗೂದು ಹೆಂಗೆ? ಓದ್ದೆ. ಮರೆತೆ.”

ಅಷ್ಟು ಹೇಳಿ ಅವನು ಚೀಲದ ಬಾಯಿ ಕಟ್ಟಿ ಸೀಟಿನಡಿ ನೂಕಿ, ಎರಡು ಸಲ ಗಂಟೆ ಹೊಡೆದ. ಬಸ್ಸು ಹೋಯಿತು. ಶರಾವತಿ ಎರಡೂ ಕೈ ಜೋಡಿಸಿಕೊಂಡು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಳು. ಗುಡಿಯ ಎದುರು ಕೂಡ ಅವಳು ಅಷ್ಟು ಹೊತ್ತು ಸುಮ್ಮನೆ ನಿಂತದ್ದಿಲ್ಲ.

ಆ ಸಂಜೆ ನಾಗಶ್ರೀಗೆ ತಾನೇ ಫೋನು ಮಾಡಿದಳು. ಮುಚ್ಚಿಡಬಹುದಿತ್ತು, ಏನೂ ಆಗಿರಲಿಲ್ಲವಲ್ಲ. ಆದರೆ ಬೆಳಿಗ್ಗೆ ನಾನು, ಭಟ್ಟರು, ಅಮ್ಮ ಅಂತ ಹೇಳಿದ್ದು ಸುಳ್ಳಾಗಿತ್ತು. ನಾಲ್ಕನೆಯವನೊಬ್ಬ ಓದಿದ್ದ. ಅದನ್ನು ಹೇಳದಿದ್ದರೆ ರಾತ್ರಿ ಊಟ ಇಳಿಯುವುದಿಲ್ಲ ಅನಿಸಿತು. ಚೀಟಿ ಅಂಟಿಸಿದ್ದು, ತಾನು ಓಡಿದ್ದು, ಕಂಡಕ್ಟರು ಚೀಲ ಬಿಚ್ಚಿ ತೋರಿಸಿದ್ದು, ಎಲ್ಲ ಹೇಳಿ, ತಪ್ಪು ತನ್ನದು ಎಂದಳು. ಎಲ್ಲ ಕೇಳಿದ ನಾಗಶ್ರೀ, ಶ್ರೀರಕ್ಷಾ ಪೊಟ್ಟಣ ತಂದು ದೇವರ ಮುಂದೆ ಇಟ್ಟಿದ್ದಾಳೆ, ಸುತ್ತಿದ ಪೇಪರಿನಲ್ಲಿದ್ದ ಪದಬಂಧ ಬಿಡಿಸಿಕೊಂಡು ಕೂತಿದ್ದಾಳೆ ಎಂದಳು. ಹೇಳುತ್ತ ನಾಗಶ್ರೀ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಶರಾವತಿಗೆ ಗೊತ್ತಾಗಲಿಲ್ಲ. ಎರಡೂ ಇದ್ದಿರಬೇಕು. ಫೋನಿಡುವ ಮುಂಚೆ ಆ ಕಂಡಕ್ಟರ ಹೆಸರೇನು ಅಂತ ಕೇಳಿದಳು.

ಮರುದಿನ ಭಾನುವಾರ ಶರಾವತಿ ಹೊನ್ನೆಬೇಣಕ್ಕೆ ಹೋದಳು. ಭಟ್ಟರು ಗುಡಿಯ ಜಗಲಿಯಲ್ಲಿ ಕೂತು ಹರಿವಾಣಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದರು. ಎಲ್ಲ ಕೇಳಿ ಅವರ ಕೈ ನಿಂತಿತು. ದುರ್ಗಪ್ಪ ತನಗೆ ಒಂದು ಮಾತೂ ಹೇಳಲಿಲ್ಲವಲ್ಲ ಅಂತ ಎರಡು ಸಲ ಹೇಳಿದರು. ದೂರಿದ್ದಲ್ಲ ಅದು.

ಅದು ಸರಿ, ಕಾರಣ ಓದದೆ ನಿನಗೆ ಸಂಕಲ್ಪ ಮಾಡಲು ಆಗುತ್ತದೆಯೋ ಅಂತ ಶರಾವತಿ ಕೇಳಿದಳು. ಭಟ್ಟರು ಅವಳ ಮುಖ ನೋಡಿ ನಕ್ಕರು. ಹೂವಿನ ಪ್ರಸಾದ ಕೇಳುವುದನ್ನು ನೀನು ಸಣ್ಣವಳಿದ್ದಾಗಿಂದ ನೋಡಿಲ್ಲವೇ ಎಂದರು. ನೋಡಿದ್ದಳು. ಕೇಳುವವರು ಕೈಮುಗಿದು ಅಮ್ಮನ ಎದುರು ನಿಲ್ಲುತ್ತಾರೆ, ಬಾಯಿ ಬಿಡುವುದಿಲ್ಲ. ಭಟ್ಟರು ಅವರ ಹೆಸರು ಹೇಳಿ, ಇವರು ಮನಸ್ಸಿನಲ್ಲಿ ಏನು ನೆನೆದುಕೊಂಡಿದ್ದಾರೋ ಅದನ್ನು ನಡೆಸಿಕೊಡು ತಾಯೀ ಎನ್ನುತ್ತಾರೆ. ಅಮ್ಮನ ಮುಡಿಯ ಹೂವು ಬಲಕ್ಕೆ ಬೀಳುತ್ತದೆ, ಇಲ್ಲ ಎಡಕ್ಕೆ. ಏನು ನೆನೆದುಕೊಂಡಿದ್ದರು ಅಂತ ಇವತ್ತಿನವರೆಗೆ ಯಾರೂ ಯಾರನ್ನೂ ಕೇಳಿದ್ದಿಲ್ಲ.

“ಅಮ್ಮನ ಎದುರಿಗೆ ಆ ಕಾರಣ ನಾ ಒಂದಿನಾನೂ ಓದಿದ್ದೇ ಇಲ್ಲೆ ಮಾರಾಯ್ತಿ,” ಎಂದರು ಭಟ್ಟರು. “ಅವಳಿಗೆ ಗೊತ್ತಿರ್ತು. ನಂಗೆ ಎಂತಕ್ಕೆ?”

“ಹಂಗಾರೆ ಆ ಖಾನೆ ತೆಗಿ ಹೇಳಿ ನಂಗೆ ಎಂತಕ್ಕೆ ಹೇಳಿದ್ದಿಲ್ಲೆ?”

“ಕಂಪ್ಯೂಟರಿಗೆ ಬೇಕಾಗ್ತು ಕಾಣ್ತು ಹೇಳಿ ನಾ ಸುಮ್ಮಂಗಿದ್ದಿ.”

ಶರಾವತಿಗೆ ನಗು ತಡೆಯಲಾಗಲಿಲ್ಲ. ಇವಳು ದೇವರಿಗೆ ಬೇಕು ಅಂತ ಕೇಳಿದ್ದು, ಅವರು ಕಂಪ್ಯೂಟರಿಗೆ ಬೇಕು ಅಂತ ಇಟ್ಟುಕೊಂಡಿದ್ದು. ದೇವರಿಗೂ ಬೇಡ, ಕಂಪ್ಯೂಟರಿಗೂ ಬೇಡ. ಹೀಗೆ ಯಾರಿಗೂ ಬೇಡದ ನಾನೂರ ಹನ್ನೆರಡು ಜನರ ಗುಟ್ಟು ಕೋಡಿಬಾಗದ ಜಗಲಿಯಲ್ಲಿ ಬಿದ್ದುಕೊಂಡಿತ್ತು.

ಮನೆಗೆ ಬಂದು ಅವತ್ತೇ ಆ ಖಾನೆ ತೆಗೆದಳು. ಹಳೆಯ ಕಾರಣಗಳನ್ನೆಲ್ಲ ಅಳಿಸಲು ಕೂತಾಗ ಒಂದು ಆಸೆ ಇಣುಕಿತು, ಕಡೆಯ ಸಲ ಒಮ್ಮೆ ಓದಿಬಿಡುವ ಅಂತ. ಚಾದ ಲೋಟ ಕೈಯಲ್ಲಿತ್ತು. ಲೋಟ ಕೆಳಗಿಟ್ಟು, ಪರದೆಯಿಂದ ಮುಖ ತಿರುಗಿಸಿ, ಕೀಲಿ ಒತ್ತಿಬಿಟ್ಟಳು. ಆಮೇಲೆ ಮೂರು ಸಂಜೆ ಕೂತು, ಬರೆದು ಹೊಡೆದು, ಫಾರ್ಮಿನ ಮೇಲುಗಡೆಯೇ ಎಲ್ಲರಿಗೂ ಕಾಣುವಂತೆ ಒಂದು ಮಾತು ಹಾಕಿದಳು:

“ಇಲ್ಲಿ ನಿಮ್ಮ ಹೆಸರು, ನಕ್ಷತ್ರ, ಪ್ರಸಾದ ಎಲ್ಲಿಗೆ ಕಳಿಸಬೇಕು ಎಂಬುದನ್ನು ಮಾತ್ರ ಕೇಳುತ್ತೇವೆ. ನಕ್ಷತ್ರ ಗೊತ್ತಿಲ್ಲದಿದ್ದರೆ ಬಿಡಿ, ಹೆಸರೇ ಸಾಕು ಎಂದಿದ್ದಾರೆ ಭಟ್ಟರು. ಮನಸ್ಸಿನಲ್ಲಿದ್ದದ್ದು ನಿಮ್ಮದು ಮತ್ತು ಅಮ್ಮನದು, ಅದನ್ನು ಬರೆಯಲು ಜಾಗ ಇಟ್ಟಿಲ್ಲ. ನೀವು ಬರೆದದ್ದನ್ನು ಕೋಡಿಬಾಗದಲ್ಲಿ ಶರಾವತಿ, ಗುಡಿಯಲ್ಲಿ ಭಟ್ಟರು ನೋಡುತ್ತಾರೆ. ಪೊಟ್ಟಣ ತರುವವರಿಗೆ ಮತ್ತು ಅಂಗಡಿಯವರಿಗೆ ಹೆಸರು, ಮನೆಯ ನಂಬರು ಕಾಣುತ್ತದೆ. ಪ್ರಸಾದ ಮುಟ್ಟಿದ ಹದಿನೈದು ದಿನಕ್ಕೆ ಎಲ್ಲವನ್ನೂ ಅಳಿಸುತ್ತೇವೆ. ಯಾರು ಸೇವೆ ಕೊಟ್ಟರು ಎಂದು ಯಾರು ಕೇಳಿದರೂ, ಹತ್ತಿರದ ನೆಂಟರೇ ಕೇಳಿದರೂ, ಹೇಳುವುದಿಲ್ಲ.”

ನೆಂಟರ ಮಾತನ್ನು ಸೇರಿಸುವಾಗ ಗಾಯತ್ರಿಯ ಮುಖ ಕಣ್ಣೆದುರು ಬಂದಿತ್ತು. ಗಾಯತ್ರಿ ನೆಂಟಳಲ್ಲ, ಆದರೂ.

ಪರೀಕ್ಷೆ ಮುಗಿದ ಮರುದಿನ ನಾಗಶ್ರೀಯ ಫೋನು ಬಂತು. ಮಗಳನ್ನು ಎದುರು ಕೂರಿಸಿಕೊಂಡು ಎಲ್ಲ ಹೇಳಿದೆ ಎಂದಳು. ಹುಡುಗಿ ಮೊದಲು ಸಿಟ್ಟು ಮಾಡಿದಳಂತೆ, ಆಮೇಲೆ ಅಮ್ಮನ ಮಗ್ಗುಲು ಬಿಟ್ಟು ಏಳಲೇ ಇಲ್ಲವಂತೆ. ಗಂಟು ಹೆದರುವಂಥದ್ದಲ್ಲ, ಒಂದು ಸಣ್ಣ ಆಪರೇಶನ್ನು ಸಾಕು ಎಂದಿದ್ದಾರೆ. ಇದನ್ನೆಲ್ಲ ಶರಾವತಿ ಕೇಳದೆಯೇ ಅವಳು ಹೇಳಿದ್ದು. ಕೇಳಬಾರದು ಅಂತ ಶರಾವತಿ ತುಟಿ ಕಚ್ಚಿ ಕೂತಿದ್ದಳು, ಪಾಪ. ಕಡೆಗೆ ನಾಗಶ್ರೀ, ವೆಬ್‌ಸೈಟಿನಲ್ಲಿ ಹೊಸದಾಗಿ ಒಂದು ಸೇವೆ ಕೊಟ್ಟಿದ್ದೇನೆ, ನೋಡಿ ಎಂದಳು.

ನೋಡಿದಳು. ಹೆಸರು: ದುರ್ಗಪ್ಪ. ನಕ್ಷತ್ರ: ಗೊತ್ತಿಲ್ಲ. ಎಲ್ಲಿಗೆ ಕಳಿಸಬೇಕು: ಅವರ ಬಸ್ಸಿಗೇ.

ಆ ಶನಿವಾರ ಶರಾವತಿ ಒಳ್ಳೆಯ ಚಪ್ಪಲಿ ಹಾಕಿಕೊಂಡು, ಒಂಬತ್ತಕ್ಕೆ ಹತ್ತು ನಿಮಿಷ ಮುಂಚೆಯೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಳು. ಬಸ್ಸು ಬಂತು. ದುರ್ಗಪ್ಪ ಇಳಿದವನು ಸೀದಾ ಅವಳ ಹತ್ತಿರ ಬಂದ. ಕೈಯಲ್ಲಿ ಒಂದು ಖಾಕಿ ಲಕೋಟೆ. ಭಟ್ಟರು ಈಗ ಎಲ್ಲ ಪೊಟ್ಟಣವನ್ನೂ ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು, ಮನೆಯ ನಂಬರು ಮಾತ್ರ ಬರೆಯುತ್ತಿದ್ದರು.

ಇದರ ಮೇಲೆ ನನ್ನ ಹೆಸರಿದೆ, ನಾನಂತೂ ಸೇವೆ ಕೊಟ್ಟವನಲ್ಲ, ಭಟ್ಟರನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ ಎಂದ. ಊರಲ್ಲಿ ಬೇರೆ ದುರ್ಗಪ್ಪ ಇದ್ದಾರೋ ಅಂತ ದಾರಿಯುದ್ದಕ್ಕೂ ಯೋಚಿಸಿದ್ದನಂತೆ.

“ಯಾರು ಕೊಟ್ಟದ್ದು ಅಕ್ಕೋರೆ?”

ಹೇಳಲು ಅವಳ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಆ ತಾಯಿ, ಆ ಹುಡುಗಿ, ಆ ಪದಬಂಧ, ಎಷ್ಟು ಚಂದದ ಕತೆ.

“ಅದನ್ನ ಹೇಳಲಿಕ್ಕಿಲ್ಲ ದುರ್ಗಪ್ಪಣ್ಣ.”

ಅವನು ಅವಳನ್ನೇ ನೋಡಿದ. ಮೀಸೆಯಡಿ ನಗು ಹರಡಿತು.

“ಹೌದು. ಹೇಳೂಕಾಗ,” ಎಂದ.

ಡ್ರೈವರು ಹತ್ತಿ ಕೂತಿದ್ದ. ದುರ್ಗಪ್ಪ ಮೆಟ್ಟಿಲ ಮೇಲೆ ನಿಂತು, ಮುಂದಿನ ಸೀಟಿನ ಅಡಿಯಿಂದ ಒಂದು ಹಳೇ ಪೇಪರು ಎಳೆದು, ಇಷ್ಟು ದಿನ ಬೇರೆಯವರ ಪೊಟ್ಟಣಕ್ಕೆ ಮಾಡಿದ ಹಾಗೆಯೇ ತನ್ನ ಲಕೋಟೆಯನ್ನೂ ಅದರಲ್ಲಿ ನಾಲ್ಕು ಮಡಿಕೆ ಸುತ್ತಿ, ಬಾಳೆನಾರು ಬಿಗಿದು ಕಟ್ಟಿದ. ಕಿಸೆಯಿಂದ ನೀಲಿ ಪೆನ್ನು ತೆಗೆದು, ಅಂಚಿನ ಬಿಳಿ ಜಾಗದಲ್ಲಿ ತನ್ನ ಹೆಸರು ತಾನೇ ಬರೆದು, ಉಳಿದ ಪೊಟ್ಟಣಗಳ ಜೊತೆ ಚೀಲಕ್ಕೆ ಹಾಕಿ, ಎರಡು ಸಲ ಗಂಟೆ ಹೊಡೆದ.